ಸಂಖ್ಯೆಗಳು ನಿಜವಾಗಿಯೂ ಇವೆಯೇ? ಇಂಥ ಪ್ರಶ್ನೆಗಳನ್ನು ಕಾರ್ನಾಪ್ ಅವರ ದಾರಿಯಲ್ಲಿ ಬಿಡಿಸುವ ಕ್ರಮ

ತತ್ತ್ವಶಾಸ್ತ್ರದ ಚರ್ಚೆಗೆ ಇಳಿದವರಿಗೆ ಬಹುಬೇಗ ಎದುರಾಗುವ ಒಂದು ಬಗೆಯ ಪ್ರಶ್ನೆಗಳಿವೆ. ಸಂಖ್ಯೆಗಳು ಇವೆಯೇ? ಕೆಂಪು ಎಂಬ ಗುಣವು ಕೆಂಪು ವಸ್ತುಗಳನ್ನು ಬಿಟ್ಟು ಬೇರೆಯಾಗಿ ಇದೆಯೇ? ಒಂದೇ ಮಾತನ್ನು ಒಬ್ಬರು ಕನ್ನಡದಲ್ಲಿಯೂ ಇನ್ನೊಬ್ಬರು ತಮಿಳಿನಲ್ಲಿಯೂ ಹೇಳಿದಾಗ, ಎರಡು ವಾಕ್ಯಗಳಿಗೂ ಸಮಾನವಾದ 'ವಾಕ್ಯಾರ್ಥ' ಎಂಬ ಮೂರನೆಯದೊಂದು ಇದೆಯೇ? ಇವನ್ನೆಲ್ಲ ಒಟ್ಟಾಗಿ ಅಮೂರ್ತ ವಸ್ತುಗಳು ಎನ್ನುತ್ತಾರೆ. ಜಗತ್ತಿನ ಬಗೆಗಿನ ತಿಳಿವಳಿಕೆಗೆ ಇಂದ್ರಿಯಾನುಭವವೇ ಆಧಾರ ಎನ್ನುವ ಅನುಭವವಾದಿಗೆ ಇವು ನುಂಗಲಾರದ ತುತ್ತು. ಇಲ್ಲ ಎಂದರೆ ಗಣಿತವನ್ನೂ ಗಣಿತವನ್ನು ನಂಬಿ ನಿಂತಿರುವ ಭೌತವಿಜ್ಞಾನವನ್ನೂ ವಿವರಿಸುವುದು ಕಷ್ಟವಾಗುತ್ತದೆ. ಇವೆ ಎಂದರೆ ಯಾರೂ ಕಾಣದ, ಮುಟ್ಟದ, ಯಾವ ಉಪಕರಣಕ್ಕೂ ಸಿಗದ ಲೋಕವೊಂದನ್ನು ಒಪ್ಪಿಕೊಂಡಂತಾಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ರುಡಾಲ್ಫ್ ಕಾರ್ನಾಪ್ ತೋರಿಸಿದ ದಾರಿಯನ್ನು ಓದುಗರು ತಾವೇ ಬಳಸಿ ನೋಡುವಂತೆ ಹಂತಹಂತವಾಗಿ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. 1891ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಾರ್ನಾಪ್, ಯೇನಾದಲ್ಲಿ ತರ್ಕಶಾಸ್ತ್ರಜ್ಞ ಫ್ರೇಗೆ ಅವರ ತರಗತಿಗಳಲ್ಲಿ ಕುಳಿತು ತರ್ಕಶಾಸ್ತ್ರ ಕಲಿತವರು, ವಿಯೆನ್ನಾ ವರ್ತುಲ ಎಂಬ ಅನುಭವವಾದಿ ಚಿಂತಕರ ಗುಂಪಿನ ಪ್ರಮುಖರಲ್ಲಿ ಒಬ್ಬರು, 1935ರ ಕೊನೆಯಲ್ಲಿ ಪ್ರಾಗ್ ಬಿಟ್ಟು ಅಮೆರಿಕಕ್ಕೆ ಹೋಗಿ ಅಲ್ಲಿಯೇ ನೆಲೆಸಿದವರು. ಕಟ್ಟಾ ಅನುಭವವಾದಿ ಎಂದು ಹೆಸರಾದ ಅವರೇ 1947ರಲ್ಲಿ ಅರ್ಥವಿಜ್ಞಾನದ ಬಗ್ಗೆ ಬರೆದ ಪುಸ್ತಕದಲ್ಲಿ ಗುಣಗಳು, ವಾಕ್ಯಾರ್ಥಗಳು ಮುಂತಾದ ಅಮೂರ್ತಗಳ ಮಾತನ್ನು ಸಂಕೋಚವಿಲ್ಲದೆ ಆಡಿದಾಗ ಟೀಕೆಗಳು ಬಂದವು. ಪ್ರತಿ ಪದವೂ ಯಾವುದೋ ಒಂದು ವಸ್ತುವಿನ ಹೆಸರೆಂದು ಕಾರ್ನಾಪ್ ತಪ್ಪು ತಿಳಿದಿದ್ದಾರೆಂದು ಆಕ್ಸ್‌ಫರ್ಡಿನ ಗಿಲ್ಬರ್ಟ್ ರೈಲ್ 1949ರ ವಿಮರ್ಶೆಯಲ್ಲಿ ಖಾರವಾಗಿಯೇ ಬರೆದರು. ಇಂಥ ಟೀಕೆಗಳಿಗೆ ಉತ್ತರವಾಗಿ 1950ರಲ್ಲಿ ಬೆಲ್ಜಿಯಂನ ಪತ್ರಿಕೆಯೊಂದರಲ್ಲಿ ಇಪ್ಪತ್ತು ಪುಟಗಳಷ್ಟು ಉದ್ದದ ಪ್ರಬಂಧವೊಂದು ಪ್ರಕಟವಾಯಿತು. ಅನುಭವವಾದ, ಅರ್ಥವಿಜ್ಞಾನ ಮತ್ತು ಸತ್ತಾಶಾಸ್ತ್ರ (ಏನೇನು ಇದೆ ಎಂಬುದರ ವಿಚಾರ) ಎಂಬ ಮೂರನ್ನೂ ಶೀರ್ಷಿಕೆಯಲ್ಲಿಯೇ ಇಟ್ಟುಕೊಂಡ ಆ ಪ್ರಬಂಧದ ಮಾತೇ ಇಲ್ಲಿನ ಹೆಜ್ಜೆಗಳಿಗೆ ಆಧಾರ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಪೂರ್ತಿ ಬರೆದುಕೊಳ್ಳಿ, 'ನಿಜವಾಗಿಯೂ' ಎಂಬುದನ್ನು ತೆಗೆದು ಓದಿ

ಚರ್ಚೆಯಲ್ಲಿ ಕೇಳಿಬಂದ ಪ್ರಶ್ನೆಯನ್ನು ಒಂದು ಪೂರ್ಣ ವಾಕ್ಯವಾಗಿ ಬರೆದುಕೊಳ್ಳಿ. ಅದರಲ್ಲಿ 'ನಿಜವಾಗಿಯೂ', 'ವಾಸ್ತವವಾಗಿ', 'ಕೊನೆಗೂ' ಎಂಬಂಥ ಪದಗಳಿದ್ದರೆ ಅವನ್ನು ಬಿಟ್ಟು ಇನ್ನೊಮ್ಮೆ ಬರೆಯಿರಿ. 'ನೂರಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ನಿಜವಾಗಿಯೂ ಇದೆಯೇ?' ಎಂಬ ಪ್ರಶ್ನೆಯಲ್ಲಿ ಆ ಪದವನ್ನು ತೆಗೆದರೆ ಏನೂ ಕಳೆದುಹೋಗುವುದಿಲ್ಲ; ಹೈಸ್ಕೂಲಿನ ಹುಡುಗಿಯೂ ಉತ್ತರ ಕೊಡುತ್ತಾಳೆ. 'ಸಂಖ್ಯೆಗಳು ನಿಜವಾಗಿಯೂ ಇವೆಯೇ?' ಎಂಬುದರಲ್ಲಿ ಅದನ್ನು ತೆಗೆದರೆ, ಕೇಳಿದವರು 'ನಾನು ಕೇಳಿದ್ದು ಅದಲ್ಲ' ಎನ್ನುತ್ತಾರೆ. ಹಾಗೆಂದರೆ ಪ್ರಶ್ನೆಯ ಭಾರವೆಲ್ಲ ಆ ಒಂದು ಪದದ ಮೇಲೆಯೇ ಬಿದ್ದಿದೆ ಎಂದಾಯಿತು. ಇದನ್ನು ಗುರುತು ಹಾಕಿಕೊಂಡು ಮುಂದೆ ಹೋದರೆ ಸಾಕು. ಈ ಹಂತದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಕೈಹಾಕಬೇಡಿ.

ಎರಡನೆಯ ಹೆಜ್ಜೆ: ಯಾವ ಚೌಕಟ್ಟಿನಲ್ಲಿ ಮಾತು ನಡೆದಿದೆ ಎಂದು ಪತ್ತೆಹಚ್ಚಿ

ಹೊಸ ಬಗೆಯ ವಸ್ತುಗಳ ಬಗ್ಗೆ ಮಾತಾಡಬೇಕೆಂದರೆ, ಅದಕ್ಕೆ ತಕ್ಕ ಪದಗಳನ್ನೂ ಆ ಪದಗಳನ್ನು ಬಳಸುವ ನಿಯಮಗಳನ್ನೂ ಮೊದಲು ಹೊಂದಿಸಿಕೊಳ್ಳಬೇಕಾಗುತ್ತದೆ. ಹೀಗೆ ಹೊಂದಿಸಿದ ನುಡಿಯ ವ್ಯವಸ್ಥೆಯನ್ನೇ ಕಾರ್ನಾಪ್ ಭಾಷಾ ಚೌಕಟ್ಟು ಎಂದು ಕರೆದರು. ಒಂದು ಚೌಕಟ್ಟು ಬಳಕೆಗೆ ಬಂದಿದೆ ಎನ್ನಲು ಅವರು ಎರಡು ಗುರುತುಗಳನ್ನು ಕೊಟ್ಟಿದ್ದಾರೆ, ಮತ್ತು ಇವನ್ನು ಸರಿಯಾಗಿ ಹಿಡಿಯದೆ ಹೋದರೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ.

'ಮೇಜಿನ ಮೇಲೆ ಎರಡು ಪುಸ್ತಕಗಳಿವೆ' ಎಂಬ ವಾಕ್ಯವನ್ನು ನೋಡಿ. ಇದರಲ್ಲಿ ಸಂಖ್ಯೆಯ ಮಾತು ಇದ್ದಂತೆ ಕಂಡರೂ ಅದನ್ನು ಸಂಖ್ಯೆಯ ಹಂಗಿಲ್ಲದೆ ಹೇಳಬಹುದು: ಮೇಜಿನ ಮೇಲೆ ಒಂದು ಪುಸ್ತಕವಿದೆ, ಅದಲ್ಲದ ಇನ್ನೊಂದು ಪುಸ್ತಕವಿದೆ, ಅವನ್ನು ಬಿಟ್ಟು ಮತ್ತಾವ ಪುಸ್ತಕವೂ ಇಲ್ಲ. ಇಲ್ಲಿ ಪುಸ್ತಕ ಮತ್ತು ಮೇಜುಗಳ ಹೊರತು ಬೇರೇನನ್ನೂ ಹೆಸರಿಸಿಲ್ಲ. ಇದಕ್ಕೆ ಬದಲಾಗಿ 'ಎರಡು ಎಂಬುದು ಒಂದು ಸಂಖ್ಯೆ' ಎಂದಾಗ 'ಸಂಖ್ಯೆ' ಎಂಬ ಸಾಮಾನ್ಯ ಪದ ಬಂತು. ಇದು ಮೊದಲ ಗುರುತು. 'ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡದಾದ ಇನ್ನೊಂದು ಸಂಖ್ಯೆಯಿದೆ' ಎಂದಾಗ ಸಂಖ್ಯೆಗಳ ಜಾಗದಲ್ಲಿ ನಿಲ್ಲುವ ಚರಾಕ್ಷರಗಳೂ, 'ಪ್ರತಿ' ಮತ್ತು 'ಇದೆ' ಎಂದು ಅವುಗಳ ಮೇಲೆ ಹೇಳುವ ರೂಪಗಳೂ ಬಂದವು. ಇದು ಎರಡನೆಯ ಗುರುತು. ಎರಡೂ ಸೇರಿದರೆ ಸಂಖ್ಯೆಗಳ ಚೌಕಟ್ಟಿನೊಳಗೆ ಕಾಲಿಟ್ಟಂತೆಯೇ.

ಚೌಕಟ್ಟುಗಳು ಗಣಿತಕ್ಕಷ್ಟೇ ಸೀಮಿತವಲ್ಲ. ಮರ, ಮೇಜು, ಮನುಷ್ಯ ಎಂದು ದಿನನಿತ್ಯ ಆಡುವ ಮಾತೂ ಒಂದು ಚೌಕಟ್ಟೇ. ಅದನ್ನು ಕಾರ್ನಾಪ್ ವಸ್ತುಭಾಷೆ ಎಂದರು. ಯಾರೂ ಕುಳಿತು ಯೋಚಿಸಿ ಅದನ್ನು ಆರಿಸಿಕೊಂಡದ್ದಲ್ಲ, ಮಗುವಾಗಿದ್ದಾಗಲೇ ರೂಢಿಯಾದದ್ದು ಎಂಬುದಷ್ಟೇ ವ್ಯತ್ಯಾಸ.

ಒಂದೇ ರೀತಿ ಕಾಣುವ ಪ್ರಶ್ನೆ ಬೇರೆ ಬೇರೆ ಚೌಕಟ್ಟುಗಳಲ್ಲಿ ಬೇರೆ ಉತ್ತರ ಪಡೆಯುವುದು ಸಾಮಾನ್ಯ. 'ತನ್ನಿಂದ ತಾನೇ ಗುಣಿಸಿಕೊಂಡರೆ 2 ಆಗುವ ಸಂಖ್ಯೆ ಇದೆಯೇ?' ಎಂದು ಕೇಳಿದರೆ, ಭಾಗಲಬ್ಧ ಸಂಖ್ಯೆಗಳ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಗಳ, ಚೌಕಟ್ಟಿನಲ್ಲಿ ಇಲ್ಲ ಎಂಬುದಕ್ಕೆ ಪಕ್ಕಾ ಸಾಧನೆಯಿದೆ, ವಾಸ್ತವ ಸಂಖ್ಯೆಗಳ ಚೌಕಟ್ಟಿನಲ್ಲಿ ಇದೆ ಎಂಬುದಕ್ಕೂ ಅಷ್ಟೇ ಪಕ್ಕಾ ಸಾಧನೆಯಿದೆ. ಇಬ್ಬರೂ ಗಣಿತಜ್ಞರು ಸರಿ. ಅವರ ನಡುವೆ ಜಗಳವೇ ಇಲ್ಲ. ಹಾಗಾಗಿ ಪ್ರಶ್ನೆಯ ಪಕ್ಕದಲ್ಲಿ ಚೌಕಟ್ಟಿನ ಹೆಸರು ಬರೆದಿಡುವ ಅಭ್ಯಾಸ ಒಳ್ಳೆಯದು, ಏಕೆಂದರೆ ಎಷ್ಟೋ ವಾದಗಳು ಈ ಹೆಸರು ಬರೆಯುವಷ್ಟರಲ್ಲಿಯೇ ಮುಗಿದುಹೋಗುತ್ತವೆ.

ಮೂರನೆಯ ಹೆಜ್ಜೆ: ಒಳಗಿನಿಂದ ಉತ್ತರಿಸಿ ನೋಡಿ

ಚೌಕಟ್ಟಿನ ನಿಯಮಗಳನ್ನು ಒಪ್ಪಿಕೊಂಡು ಅದರೊಳಗೇ ಕೇಳುವ ಪ್ರಶ್ನೆ ಒಳಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ವಿಧಾನವನ್ನೂ ಚೌಕಟ್ಟೇ ಕೊಡುತ್ತದೆ. ನೂರಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಇದೆಯೇ ಎಂಬುದಕ್ಕೆ 101 ಅನ್ನು ತೆಗೆದುಕೊಳ್ಳಿ. 11ರ ವರ್ಗ 121, ಅಂದರೆ 101ಕ್ಕಿಂತ ಹೆಚ್ಚು. ಆದ್ದರಿಂದ 11ಕ್ಕಿಂತ ಚಿಕ್ಕ ಅವಿಭಾಜ್ಯಗಳಾದ 2, 3, 5, 7 ಇವುಗಳಿಂದ ಭಾಗವಾಗುತ್ತದೆಯೇ ಎಂದು ನೋಡಿದರೆ ಸಾಕು. 2ರಿಂದ ಭಾಗಿಸಿದರೆ 1 ಉಳಿಯುತ್ತದೆ, 3ರಿಂದ 2, 5ರಿಂದ 1, 7ರಿಂದ 3. ಹಾಗಾದರೆ 101 ಅವಿಭಾಜ್ಯ, ಪ್ರಶ್ನೆಗೆ ಉತ್ತರ ಹೌದು. ಇದಕ್ಕೆ ದೂರದರ್ಶಕವೂ ಬೇಡ, ಪ್ರಯೋಗಾಲಯವೂ ಬೇಡ. ನಿಯಮಗಳನ್ನು ಪಾಲಿಸಿ ಲೆಕ್ಕ ಮಾಡಿದರೆ ಆಯಿತು. ವಸ್ತುಭಾಷೆಯ ಒಳಪ್ರಶ್ನೆಗಳ ವಿಧಾನ ಬೇರೆ. ಆರ್ಥರ್ ದೊರೆ ನಿಜವಾಗಿ ಬದುಕಿದ್ದನೇ ಎಂಬುದು ಕಾರ್ನಾಪ್ ಅವರೇ ಕೊಟ್ಟ ಉದಾಹರಣೆ. ಅದಕ್ಕೆ ದಾಖಲೆ, ಶಾಸನ, ಉತ್ಖನನಗಳನ್ನು ತಡಕಬೇಕು. ಇಲ್ಲಿ 'ನಿಜವಾಗಿ' ಎಂಬ ಪದಕ್ಕೂ ಒಂದು ಸಭ್ಯವಾದ ಕೆಲಸವಿದೆ: ಕಟ್ಟುಕಥೆಯಲ್ಲ, ಚರಿತ್ರೆ ಎಂದು ಬೇರ್ಪಡಿಸುವುದು.

ಈಗ ಪ್ರಬಂಧದ ತಿರುಳಿಗೆ ಬರೋಣ. 101 ಒಂದು ಸಂಖ್ಯೆ ಎಂಬುದರಿಂದ 'ಸಂಖ್ಯೆಯಾಗಿರುವುದು ಏನೋ ಒಂದಿದೆ' ಎಂಬುದು ಒಂದೇ ಹೆಜ್ಜೆಯಲ್ಲಿ ಹೊರಡುತ್ತದೆ. ಅಂದರೆ ಚೌಕಟ್ಟಿನ ಒಳಗೆ 'ಸಂಖ್ಯೆಗಳಿವೆ' ಎಂಬ ಮಾತು ಸತ್ಯವಷ್ಟೇ ಅಲ್ಲ, ತೀರ ಸಪ್ಪೆಯಾದ ಸತ್ಯ. ಅಮೂರ್ತಗಳು ತಾವಾಗಿಯೇ ಇವೆ ಎನ್ನುವ ಪ್ಲೇಟೋವಾದಿಗಳೂ ಅವು ಬರಿಯ ಹೆಸರುಗಳು ಎನ್ನುವ ನಾಮವಾದಿಗಳೂ ಶತಮಾನಗಟ್ಟಲೆ ಹೊಡೆದಾಡಿದ್ದು ಇಷ್ಟು ಸಪ್ಪೆಯಾದ ಮಾತಿಗಾಗಿ ಇರಲಾರದು. ಹಾಗಾದರೆ ಅವರು ಕೇಳುತ್ತಿದ್ದದ್ದು ಒಳಪ್ರಶ್ನೆಯಲ್ಲ.

ನಾಲ್ಕನೆಯ ಹೆಜ್ಜೆ: ಒಳಗಿನ ಉತ್ತರಕ್ಕೆ ತೃಪ್ತಿಯಾಗದಿದ್ದರೆ ಪ್ರಶ್ನೆಯನ್ನು ಆಯ್ಕೆಯ ರೂಪಕ್ಕೆ ತನ್ನಿ

ಒಳಪ್ರಶ್ನೆಯ ಉತ್ತರ ಕೈಗೆ ಸಿಕ್ಕಮೇಲೂ 'ಅದೆಲ್ಲ ಸರಿ, ಆದರೆ ಸಂಖ್ಯೆಗಳು ನಿಜವಾಗಿಯೂ ಇವೆಯೇ?' ಎಂದು ಕೇಳುವವರು ಇಡೀ ಚೌಕಟ್ಟಿನ ಬಗ್ಗೆಯೇ ಹೊರಗೆ ನಿಂತು ಕೇಳುತ್ತಿದ್ದಾರೆ. ಇದು ಹೊರಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂಬ ಸೈದ್ಧಾಂತಿಕ ಉತ್ತರ ಇರಲಾರದು, ಏಕೆಂದರೆ ಯಾವ ಸಾಕ್ಷ್ಯವನ್ನು ತಂದರೆ ಅದು ತೀರ್ಮಾನವಾಗುತ್ತದೆ ಎಂದು ಎರಡು ಪಕ್ಷದವರೂ ಒಪ್ಪುವಂತೆ ಯಾರೂ ಹೇಳಿಲ್ಲ ಎಂಬುದು ಕಾರ್ನಾಪ್ ಅವರ ನಿಲುವು. ಆದರೆ ಅವರು ಇದನ್ನು ಬರಿಯ ಹುಸಿ ಪ್ರಶ್ನೆಯೆಂದು ಕಸದಬುಟ್ಟಿಗೆ ಎಸೆದು ಸುಮ್ಮನಾಗಲಿಲ್ಲ. ಅದರ ಹಿಂದೆ ಉತ್ತರಿಸಬಹುದಾದ ಪ್ರಾಯೋಗಿಕ ಪ್ರಶ್ನೆಯೊಂದಿದೆ: ಈ ಚೌಕಟ್ಟನ್ನು ನಾವು ಬಳಸೋಣವೇ, ಬೇಡವೇ? ಆದ್ದರಿಂದ 'ಇವೆಯೇ?' ಎಂಬ ವಾಕ್ಯವನ್ನು 'ಇಂಥ ಕೆಲಸಕ್ಕೆ ಈ ರೀತಿಯ ಮಾತು ತಕ್ಕದ್ದೇ?' ಎಂದು ತಿದ್ದಿ ಬರೆಯಿರಿ.

ಈ ತಿದ್ದುಪಡಿ ಬರಿಯ ಜಾಣತನವಲ್ಲ ಎಂಬುದಕ್ಕೆ ಗಣಿತದ ಚರಿತ್ರೆಯಿಂದ ನಾನು ಒಂದು ಪ್ರಸಂಗವನ್ನು ಆರಿಸಿಕೊಳ್ಳುತ್ತೇನೆ. ಕಾರ್ನಾಪ್ ಇದನ್ನು ಬಳಸಿಲ್ಲ, ಆದರೆ ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ. 1545ರಲ್ಲಿ ಇಟಲಿಯ ಕಾರ್ಡಾನೊ ಅವರು, 10ನ್ನು ಎರಡು ಪಾಲು ಮಾಡಿ ಆ ಪಾಲುಗಳ ಗುಣಲಬ್ಧ 40 ಆಗಬೇಕು ಎಂಬ ಲೆಕ್ಕವನ್ನು ಎತ್ತಿಕೊಂಡರು. ಅಂಥ ವಾಸ್ತವ ಸಂಖ್ಯೆಗಳಿಲ್ಲ. ಆದರೆ 5 + √-15 ಮತ್ತು 5 − √-15 ಎಂದು ಬರೆದು, ಋಣಸಂಖ್ಯೆಗೂ ವರ್ಗಮೂಲವಿದೆ ಎಂಬಂತೆ ಗುಣಿಸಿದರೆ 25 + 15, ಅಂದರೆ 40 ಬರುತ್ತದೆ. ಇದು ಸೂಕ್ಷ್ಮವಾದದ್ದು, ಅಷ್ಟೇ ನಿರುಪಯುಕ್ತವೂ ಹೌದು ಎಂಬ ಭಾವದಲ್ಲಿ ಅವರು ಅದನ್ನು ಬಿಟ್ಟುಬಿಟ್ಟರು. 1572ರಲ್ಲಿ ಬೊಂಬೆಲ್ಲಿ ಅವರು ಬೇರೊಂದು ಸಮೀಕರಣವನ್ನು ಹಿಡಿದರು: ಒಂದು ಸಂಖ್ಯೆಯ ಘನವು ಆ ಸಂಖ್ಯೆಯ 15 ಪಟ್ಟಿಗೆ 4 ಕೂಡಿಸಿದಷ್ಟಾಗಬೇಕು. ಉತ್ತರ 4 ಎಂಬುದು ಕಣ್ಣಿಗೆ ಕಾಣುತ್ತದೆ. 4ರ ಘನ 64, 60ಕ್ಕೆ 4 ಕೂಡಿದರೂ 64. ಆದರೆ ಆಗ ಬಳಕೆಯಲ್ಲಿದ್ದ ಸೂತ್ರವನ್ನು ಹಾಕಿದರೆ, 2 + √-121 ಮತ್ತು 2 − √-121 ಎಂಬ ಎರಡರ ಘನಮೂಲಗಳನ್ನು ಕೂಡಿಸಬೇಕು ಎಂದು ಬರುತ್ತದೆ. ಬೊಂಬೆಲ್ಲಿ ಧೈರ್ಯಮಾಡಿ ಇಂಥವುಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಬರೆದರು. ಆ ನಿಯಮಗಳ ಪ್ರಕಾರ ಆ ಘನಮೂಲಗಳು 2 + √-1 ಮತ್ತು 2 − √-1. ಕೂಡಿಸಿದರೆ ಇವುಗಳ ಕಾಲ್ಪನಿಕ ಭಾಗಗಳು ಪರಸ್ಪರ ಕಳೆದುಹೋಗಿ 4 ಉಳಿಯುತ್ತದೆ.

ಇಲ್ಲಿ ನಡೆದದ್ದೇನೆಂದು ಗಮನವಿಟ್ಟು ನೋಡಬೇಕು. √-1 ಎಂಬುದು ಎಲ್ಲಿಯೋ ಇದೆ ಎಂದು ಯಾರೂ ಕಂಡುಹಿಡಿಯಲಿಲ್ಲ. ಕಾರ್ಡಾನೊ ಮತ್ತು ಬೊಂಬೆಲ್ಲಿ ನಡುವಿನ ಇಪ್ಪತ್ತೇಳು ವರ್ಷಗಳಲ್ಲಿ ಬದಲಾದದ್ದು ಸಾಕ್ಷ್ಯವಲ್ಲ, ಉಪಯೋಗ. ನಿಯಮಗಳು ಸ್ಪಷ್ಟವಾದವು, ವಿರೋಧಾಭಾಸ ಕಾಣಲಿಲ್ಲ, ಬೇರೆ ದಾರಿಯಲ್ಲಿ ಸರಿಯೆಂದು ತಿಳಿದಿದ್ದ ಉತ್ತರಕ್ಕೆ ಅವು ತಲುಪಿಸಿದವು. ಮುಂದೆ ಗಾಸ್ ಮುಂತಾದವರು ಅವನ್ನು ಸಮತಲದ ಬಿಂದುಗಳಾಗಿ ತೋರಿಸಿದಾಗ ಉಳಿದ ಮುಜುಗರವೂ ಕಡಿಮೆಯಾಯಿತು. ಇಂದು ಪರ್ಯಾಯ ವಿದ್ಯುತ್ತಿನ ಲೆಕ್ಕ ಮಾಡುವ ಎಂಜಿನಿಯರಿಗೆ ಸಂಕೀರ್ಣ ಸಂಖ್ಯೆಗಳ ಅಸ್ತಿತ್ವದ ಚಿಂತೆಯಿಲ್ಲ.

ಐದನೆಯ ಹೆಜ್ಜೆ: ಆಯ್ಕೆಯನ್ನು ತೂಗಿ, ಆದರೆ ತೂಕದಿಂದ ಅಸ್ತಿತ್ವವನ್ನು ಸಾಧಿಸಲು ಹೋಗಬೇಡಿ

ಚೌಕಟ್ಟನ್ನು ತೂಗುವಾಗ ಅದರ ಸರಳತೆ, ಫಲವಂತಿಕೆ, ಬಳಕೆಯ ಸಲೀಸು, ಯಾವ ಉದ್ದೇಶಕ್ಕೆ ಅದು ಬೇಕು ಎಂಬುದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ಇವು ಹೆಚ್ಚು-ಕಡಿಮೆಯ ಮಾತುಗಳು, ಸತ್ಯ-ಸುಳ್ಳಿನವಲ್ಲ. ಇಲ್ಲಿಯೇ ಓದುಗರು ಎಡವುವುದು ಹೆಚ್ಚು. 'ವಸ್ತುಭಾಷೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಹೊರಜಗತ್ತು ನಿಜವಾಗಿಯೂ ಇದೆ' ಎಂದು ವಾದಿಸಿದರೆ, ಪ್ರಾಯೋಗಿಕ ಪ್ರಶ್ನೆಯ ಉತ್ತರವನ್ನು ತಂದು ಹೊರಪ್ರಶ್ನೆಯ ಬಾಯಿಗೆ ಹಾಕಿದಂತಾಗುತ್ತದೆ. ಆ ಯಶಸ್ಸು ವಸ್ತುಭಾಷೆಯನ್ನು ಬಳಸುವುದು ಉಚಿತ ಎಂಬುದಕ್ಕೆ ಕಾರಣವಾಗಬಲ್ಲುದೇ ಹೊರತು ಬೇರಾವ ಸಿದ್ಧಾಂತಕ್ಕೂ ಪುರಾವೆಯಲ್ಲ ಎಂದು ಕಾರ್ನಾಪ್ ಎಚ್ಚರಿಸಿದರು.

ಅವರ ಸಹಿಷ್ಣುತೆಯ ತತ್ತ್ವ 1934ರಷ್ಟು ಹಿಂದಿನದು: ಯಾರು ಬೇಕಾದರೂ ತಮಗೆ ಬೇಕಾದ ಭಾಷಾರೂಪವನ್ನು ಕಟ್ಟಿಕೊಳ್ಳಲಿ, ನಿಯಮಗಳನ್ನು ಸ್ಪಷ್ಟವಾಗಿ ಹೇಳಲಿ ಎಂಬುದಷ್ಟೇ ಷರತ್ತು. ಇದರಿಂದ ಅನುಭವವಾದಿಗೆ ಸಿಗುವ ನೆಮ್ಮದಿ ದೊಡ್ಡದು. ಗುಣ, ಗಣ (ವಸ್ತುಗಳ ಸಮೂಹ), ವಾಕ್ಯಾರ್ಥಗಳ ಮಾತನ್ನಾಡಿದ ಮಾತ್ರಕ್ಕೆ ಆತ ಪ್ಲೇಟೋವಾದಿಯಾಗುವುದಿಲ್ಲ. ಆಡಲೇಕೂಡದು ಎಂದು ಮೊದಲೇ ನಿಷೇಧ ಹೇರುವುದೇ ವಿಜ್ಞಾನಕ್ಕೆ ತೊಡಕು.

ಆರನೆಯ ಹೆಜ್ಜೆ: ಕ್ವೈನ್ ಅವರ ಆಕ್ಷೇಪಕ್ಕೆ ಒಡ್ಡಿ ಪರೀಕ್ಷಿಸಿ

ಈ ಹೆಜ್ಜೆಯನ್ನು ಬಿಟ್ಟರೆ ಉಳಿದದ್ದು ಮಂತ್ರಪಠಣವಾಗುತ್ತದೆ. ಕಾರ್ನಾಪ್ ಅವರನ್ನು ಗುರುವಿನಂತೆ ಗೌರವಿಸುತ್ತಿದ್ದ ಅಮೆರಿಕದ ತತ್ತ್ವಜ್ಞಾನಿ ಡಬ್ಲ್ಯು. ವಿ. ಕ್ವೈನ್ 1951ರಲ್ಲಿ ಎರಡು ಕಡೆಯಿಂದ ಹೊಡೆದರು. ಒಂದನೆಯದಾಗಿ, 'ಸಂಖ್ಯೆಗಳಿವೆಯೇ?' ಎಂಬುದು ಹೊರಪ್ರಶ್ನೆಯಾಗಿ ಕಾಣುವುದು ಸಂಖ್ಯೆಗಳಿಗೆಂದೇ ಬೇರೆ ಬಗೆಯ ಚರಾಕ್ಷರಗಳನ್ನು ಇಟ್ಟುಕೊಂಡಿರುವುದರಿಂದ. ಎಲ್ಲಕ್ಕೂ ಒಂದೇ ಬಗೆಯ ಚರಾಕ್ಷರ ಬಳಸಿದರೆ, 'ಇರುವವುಗಳಲ್ಲಿ ಕೆಲವು ಸಂಖ್ಯೆಗಳೇ?' ಎಂಬುದು 'ಸಂಖ್ಯೆಗಳಲ್ಲಿ ಕೆಲವು ನೂರಕ್ಕಿಂತ ದೊಡ್ಡ ಅವಿಭಾಜ್ಯಗಳೇ?' ಎಂಬಂಥದೇ ಪ್ರಶ್ನೆಯಾಗುತ್ತದೆ. ಬರವಣಿಗೆಯ ಕ್ರಮ ಬದಲಾದರೆ ಅಳಿಸಿಹೋಗುವ ಗೆರೆಯ ಮೇಲೆ ತತ್ತ್ವಶಾಸ್ತ್ರವನ್ನು ನಿಲ್ಲಿಸಬಹುದೇ? ಎರಡನೆಯದಾಗಿ, ಚೌಕಟ್ಟಿನ ನಿಯಮದಿಂದಲೇ ಸತ್ಯವಾದವು, ಜಗತ್ತಿನ ಸ್ಥಿತಿಯಿಂದ ಸತ್ಯವಾದವು ಎಂದು ವಾಕ್ಯಗಳನ್ನು ಎರಡು ರಾಶಿ ಹಾಕಲು ಬರುವುದಿಲ್ಲ. ಸರಳತೆ, ಉಪಯುಕ್ತತೆಗಳ ತೂಕ ಚೌಕಟ್ಟಿನ ಆಯ್ಕೆಯಲ್ಲಷ್ಟೇ ಅಲ್ಲ, ವಿಜ್ಞಾನದ ಪ್ರತಿಯೊಂದು ಒಪ್ಪಿಗೆಯಲ್ಲಿಯೂ ಇರುತ್ತದೆ.

ಈ ಆಕ್ಷೇಪದ ಬಿಸಿ ಎಲ್ಲಿ ತಟ್ಟುತ್ತದೆ ಎಂದು ನೋಡಲು ಪರಮಾಣುಗಳ ಪ್ರಸಂಗ ಅನುಕೂಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರಮಾಣುಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಕಲ್ಪನೆ ಎನ್ನುವವರಲ್ಲಿ ರಸಾಯನವಿಜ್ಞಾನಿ ಒಸ್ಟ್‌ವಾಲ್ಡ್ ಒಬ್ಬರು. 1905ರಲ್ಲಿ ಐನ್‌ಸ್ಟೈನ್ ಅವರು ಬ್ರೌನಿಯನ್ ಚಲನೆಯ (ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಓಡಾಟದ) ಬಗ್ಗೆ ಬರೆದು, ಪೆರಾನ್ ಅವರು ಪ್ರಯೋಗಗಳಿಂದ ಅದನ್ನು ಅಳೆದು ತೋರಿಸಿದ ಮೇಲೆ, 1909ರಲ್ಲಿ ಒಸ್ಟ್‌ವಾಲ್ಡ್ ತಮ್ಮ ನಿಲುವನ್ನು ಬಹಿರಂಗವಾಗಿ ಬದಲಿಸಿಕೊಂಡರು. ಅವರು ಬದಲಾದದ್ದು ಹೊಸ ಮಾತಿನ ಪದ್ಧತಿ ಹೆಚ್ಚು ಸಲೀಸು ಎಂದಲ್ಲ, ಪುರಾವೆ ಸಿಕ್ಕಿತು ಎಂದು. ಹಾಗಾದರೆ 'ಪರಮಾಣುಗಳಿವೆಯೇ?' ಎಂಬುದು ಒಳಪ್ರಶ್ನೆಯೇ, ಹೊರಪ್ರಶ್ನೆಯೇ? 1966ರ ಪುಸ್ತಕದಲ್ಲಿಯೂ ಕಾರ್ನಾಪ್, ಇಂಥ ವಿಷಯಗಳಲ್ಲಿ ವಾಸ್ತವವಾದಿಗಳಿಗೂ ಅವನ್ನು ಕೇವಲ ಉಪಕರಣವೆನ್ನುವವರಿಗೂ ನಡುವಿನ ವ್ಯಾಜ್ಯ ಮೂಲತಃ ಭಾಷೆಯ ಆಯ್ಕೆಯದೇ ಎಂದರು. ನನಗೆ ಇಲ್ಲಿ ಅವರ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನಿಯಮಗಳನ್ನು ಕೊನೆಯ ಅಕ್ಷರದವರೆಗೂ ಬರೆದಿಡಬಹುದಾದ ಗಣಿತದಲ್ಲಿ ಒಳಗು-ಹೊರಗಿನ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ; ನಿಯಮಗಳೂ ಪ್ರಯೋಗಗಳೂ ಒಂದನ್ನೊಂದು ತಿದ್ದುತ್ತ ಬೆಳೆಯುವ ಭೌತವಿಜ್ಞಾನದಲ್ಲಿ ಅದು ಮಸುಕಾಗುತ್ತದೆ. ನಿಮ್ಮ ಪ್ರಶ್ನೆ ಎರಡನೆಯ ಬಗೆಯದಾದರೆ, ನಾಲ್ಕನೆಯ ಹೆಜ್ಜೆಗೆ ಹಾರುವ ಮೊದಲು ಮೂರನೆಯದರಲ್ಲಿ ಇನ್ನಷ್ಟು ಹೊತ್ತು ನಿಲ್ಲುವುದು ಲೇಸು.

ನಮ್ಮ ದರ್ಶನಗಳಿಗೆ ಇದನ್ನು ಅನ್ವಯಿಸುವವರಿಗೆ

ಹಸುಗಳೆಲ್ಲವನ್ನೂ ಹಸು ಎನ್ನಲು ಕಾರಣವೇನು ಎಂಬ ಪ್ರಶ್ನೆಗೆ ನ್ಯಾಯ-ವೈಶೇಷಿಕರು ಗೋತ್ವ (ಹಸುತನ) ಎಂಬ ಒಂದೇ, ನಿತ್ಯವಾದ 'ಸಾಮಾನ್ಯ', ಅಂದರೆ ಎಲ್ಲಕ್ಕೂ ಸಮಾನವಾದ ಧರ್ಮ, ಅವೆಲ್ಲದರಲ್ಲಿಯೂ ಇದೆ ಎಂದರು. ದಿಙ್ನಾಗನ ಪರಂಪರೆಯ ಬೌದ್ಧರು ಅದನ್ನು ತಳ್ಳಿ, ಹಸುವಲ್ಲದವುಗಳನ್ನು ಹೊರಗಿಡುವ ಅಪೋಹದಿಂದ ಶಬ್ದಾರ್ಥವನ್ನು ವಿವರಿಸಿದರು. ಉಡುಪಿಯ ಮಧ್ವಾಚಾರ್ಯರ ಪರಂಪರೆ ಹಲವರಲ್ಲಿ ಹಂಚಿನಿಂತ ಒಂದೇ ಜಾತಿಯನ್ನು ಒಪ್ಪದೆ ಸಾದೃಶ್ಯವೇ ಸಾಕು ಎಂದಿತು. ಈ ವಾದಗಳ ಮೇಲೆ ಕಾರ್ನಾಪ್ ಅವರ ಹೆಜ್ಜೆಗಳನ್ನು ಹಾಗೆಯೇ ಹೊರಿಸುವ ಮುನ್ನ ಒಂದು ಸಂಗತಿಯನ್ನು ನೆನಪಿಡಬೇಕು. ಯಾವ ಇಂದ್ರಿಯದಿಂದ ವಸ್ತು ಗ್ರಹಿಕೆಗೆ ಬರುತ್ತದೆಯೋ ಅದೇ ಇಂದ್ರಿಯದಿಂದ ಅದರಲ್ಲಿರುವ ಸಾಮಾನ್ಯವೂ ಗ್ರಹಿಕೆಗೆ ಬರುತ್ತದೆ ಎಂಬುದು ನೈಯಾಯಿಕರ ಮತ. ಅಂದರೆ ಗೋತ್ವವು ಅವರಿಗೆ ಕಣ್ಣಿಗೆ ಕಾಣುವ ಸಂಗತಿ. ಯುರೋಪಿನ ಅನುಭವವಾದಿಯನ್ನು ಕಾಡಿದ 'ಕಾಣದ್ದನ್ನು ಒಪ್ಪುವುದು ಹೇಗೆ' ಎಂಬ ಅಳುಕು ಅಲ್ಲಿ ಹುಟ್ಟುವುದೇ ಇಲ್ಲ, ಜಗಳ ನಡೆಯುವುದು ಪ್ರತ್ಯಕ್ಷದಲ್ಲಿ ಏನೇನು ಸೇರುತ್ತದೆ ಎಂಬುದರ ಮೇಲೆ. ಆದ್ದರಿಂದ ಅಲ್ಲಿ ಎರಡನೆಯ ಹೆಜ್ಜೆಯಲ್ಲಿ ಬರೆದುಕೊಳ್ಳಬೇಕಾದದ್ದು ಪದಾರ್ಥಗಳ ಪಟ್ಟಿಯನ್ನಷ್ಟೇ ಅಲ್ಲ, ಪ್ರತಿ ಪಕ್ಷವೂ ಒಪ್ಪುವ ಪ್ರಮಾಣಗಳನ್ನೂ (ಪ್ರತ್ಯಕ್ಷ, ಅನುಮಾನ ಮುಂತಾದ ತಿಳಿವಿನ ಸಾಧನಗಳನ್ನೂ) ಜೊತೆಗೆ ಬರೆದುಕೊಳ್ಳಬೇಕು. ಮೂರನೆಯ ಹೆಜ್ಜೆಯ 'ಉತ್ತರಿಸುವ ವಿಧಾನ' ಅಲ್ಲಿ ಪ್ರಮಾಣವಿಚಾರದಿಂದಲೇ ಬರುತ್ತದೆ.

ಮೂಲ ಪ್ರಬಂಧವನ್ನು ಓದಲು ಹೊರಟವರು ಅದರ ಐದು ಭಾಗಗಳಲ್ಲಿ ಎರಡನೆಯದರಿಂದ ಆರಂಭಿಸಿ, ಮೂರನೆಯದನ್ನು ಮುಗಿಸಿ, ಆಮೇಲೆ ಮೊದಲನೆಯದಕ್ಕೆ ಮರಳಿದರೆ ವಾದದ ಎಳೆ ಬೇಗ ಸಿಗುತ್ತದೆ. ನಾಲ್ಕನೆಯದು ರೈಲ್ ಮುಂತಾದವರಿಗೆ ಕೊಟ್ಟ ಉತ್ತರವಾದ್ದರಿಂದ ಆ ಜಗಳದ ಹಿನ್ನೆಲೆ ಗೊತ್ತಾದ ಮೇಲೆಯೇ ಅದು ರುಚಿಸುತ್ತದೆ.